ಕೂಸನ್ನು ಎರೆಯುವ ಎಲುಬು

ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿದವರಿಗೆ ನೋವಾಗುತ್ತದೆ, ಹೆದರಿಕೆಯಾಗುತ್ತದೆ, ಮನೆಯ ನೆನಪಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹೊಟ್ಟೆಕಿಚ್ಚಾಗುತ್ತದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಆದದ್ದು ಅದೇ. ಚಪ್ಪಲಿ ಸಪ್ಪಳ ಮಾಡಿಕೊಂಡು ವಾರ್ಡಿನಲ್ಲಿ ಓಡಾಡುವವರನ್ನು ಕಂಡರೆ ಹೊಟ್ಟೆಕಿಚ್ಚು, ಗಾಯ ಒಣಗಿದವರನ್ನು ಕಂಡರೆ ಹೊಟ್ಟೆಕಿಚ್ಚು, ಯಾರಿಗಾದರೂ ಬಿಸಿ ಊಟದ ಡಬ್ಬಿ ಬಂದರೆ ಅದಕ್ಕೂ ಹೊಟ್ಟೆಕಿಚ್ಚು. ಈಗ ಎಲ್ಲೋ ಒಂದು ಮಂಚದ ಮೇಲೆ ಕಾಲಿಗೆ ದಿಂಬು ಕೊಟ್ಟುಕೊಂಡು ಮಲಗಿ, ಮಗ್ಗುಲ ಮಂಚದವರನ್ನು ಕಣ್ಣಿನಲ್ಲೇ ಸುಡುತ್ತಿರುವವರು ಇದನ್ನು ಓದುತ್ತಿದ್ದರೆ ಅವರಿಗೆ ಒಂದು ಮಾತು. ನೀವು ಕೆಟ್ಟವರೇನಲ್ಲ. ನಾನು ನಿಮಗಿಂತ ಜಾಸ್ತಿ ಸುಟ್ಟವಳು.

ನನ್ನ ಜಡ್ಡು ಒಂದೇ ಒಂದು ಎಲುಬಿನದು. ಮೊಳಕಾಲಿನಿಂದ ಪಾದದ ತನಕ ಕಾಲಿನ ಮುಂದುಗಡೆ ಇಳಿಯುವ ಎಲುಬು. ಅದರ ಮೇಲೆ ಮಾಂಸವಿಲ್ಲ, ತೊಗಲಿನ ಕೆಳಗೆ ಕೈಗೇ ಸಿಗುತ್ತದೆ, ಮಂಚದ ಅಂಚಿಗೆ ಬಡಿದರೆ ಕಣ್ಣಿಗೆ ಕತ್ತಲು ಬರುತ್ತದೆ. ನನ್ನ ತವರು ರಾಮದುರ್ಗ. ನಮ್ಮ ಮನೆಯಲ್ಲಿ ಅದಕ್ಕೆ ಕಣಕಾಲು ಎನ್ನುತ್ತಿದ್ದರು. ಬೇರೆ ಹೆಸರು ಇರಬಹುದು ಎಂದು ನನಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆ ಎಲುಬು ಯಾತಕ್ಕೆ ಎಂದು ಯಾರಾದರೂ ಕೇಳಿದ್ದರೆ ಮಾತ್ರ ಥಟ್ಟನೆ ಹೇಳುತ್ತಿದ್ದೆ, ಕೂಸನ್ನು ಎರೆಯುವುದಕ್ಕೆ ಎಂದು.

ನಮ್ಮಲ್ಲಿ ಕೂಸನ್ನು ಟಬ್ಬಿನಲ್ಲಿ ಕೂರಿಸಿ ತೊಳೆಯುವುದಿಲ್ಲ. ಎರೆಯುವ ಹೆಂಗಸು ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು, ಸೀರೆಯನ್ನು ಮೊಳಕಾಲ ಮೇಲಕ್ಕೆ ಸರಿಸಿ, ಎರಡೂ ಕಾಲು ಮುಂದಕ್ಕೆ ಚಾಚಿ, ಎರಡು ಕಣಕಾಲುಗಳ ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿಕೊಳ್ಳುತ್ತಾಳೆ. ತಲೆ ಅವಳ ಪಾದದ ಕಡೆ. ಎಣ್ಣೆ ಹಚ್ಚುವುದು, ಕೈಕಾಲು ನೀವುವುದು, ಹಂಡೆಯ ಬಿಸಿನೀರು ಹೊಯ್ಯುವುದು ಎಲ್ಲವೂ ಅಲ್ಲೇ. ನೀವುತ್ತ ನೀವುತ್ತ ಮೈಯ ಒಂದೊಂದು ಭಾಗದ ಹೆಸರು ಹೇಳುವುದು ರೂಢಿ. ತಲೆ, ಕಿವಿ, ಬೆನ್ನು, ಹೊಟ್ಟೆ. ಕೂಸಿಗೆ ತನ್ನ ಮೈಯ ಹೆಸರುಗಳು ಮೊದಲು ಸಿಗುವುದು ಹಾಗೆ, ಯಾರದೋ ಕಾಲ ಮೇಲೆ ಮಲಗಿ, ಕಿರುಚುತ್ತ.

ನನ್ನ ಮಗಳು ಗಿರಿಜಾ ಹುಟ್ಟಿದ್ದು ತೊಂಬತ್ತರ ದಶಕದ ನಡುವೆ, ರಾಮದುರ್ಗದಲ್ಲಿ. ಬಾಣಂತನದ ತಿಂಗಳುಗಳಲ್ಲಿ ಕೂಸನ್ನು ಎರೆದವಳು ನನ್ನ ಅವ್ವ. ಬಾಣಂತಿ ಆಗ ಹೊದ್ದುಕೊಂಡು ಮಲಗಿ ನೋಡುವವಳು ಅಷ್ಟೆ. ಆಮೇಲೆ ಐದನೆಯ ತಿಂಗಳಲ್ಲಿ ಕೂಸನ್ನೂ ತೊಟ್ಟಿಲನ್ನೂ ತೆಗೆದುಕೊಂಡು ಗಂಡನ ಮನೆಗೆ, ನೇಸರಗಿಗೆ ಬಂದೆ. ಇನ್ನು ಮುಂದೆ ನಾನೇ ಎರೆಯಬೇಕು ಎಂಬ ಹಿಗ್ಗಿನಲ್ಲಿ ದಾರಿಯುದ್ದಕ್ಕೂ ಟೆಂಪೋದಲ್ಲಿ ಕಾಲು ಚಾಚಿಯೇ ಕುಳಿತಿದ್ದೆ.

ಮನೆಯ ಮುಂದೆ ತೊಟ್ಟಿಲು ಇಳಿಸುವಾಗ ಅದು ಹಿಡಿದವರ ಕೈಯಿಂದ ಜಾರಿತು. ಸಾಗವಾನಿಯ ಗಟ್ಟಿ ಕಾಲು ನೇರವಾಗಿ ಬಂದು ನನ್ನ ಎಡಗಾಲಿನ ಕಣಕಾಲಿಗೆ ಬಡಿಯಿತು. ತೊಗಲು ಸುಲಿದು ರಕ್ತ ಬಂತು. ಆರತಿ ಹಿಡಿದು ನಿಂತಿದ್ದ ಅತ್ತೆ ಬಗ್ಗಿ ನೋಡಿದರು.

"ತೊಟ್ಟಿಲಕ ಏನೂ ಆಗಿಲ್ಲಲ್ಲ?"

ತೊಟ್ಟಿಲಿಗೆ ಏನೂ ಆಗಿರಲಿಲ್ಲ. ನನ್ನ ಕಾಲಿಗೆ ಅರಿಶಿನ ಒತ್ತಿ ಒಳಗೆ ಕರೆದುಕೊಂಡರು.

ಮರುದಿನವೇ ಬಚ್ಚಲಲ್ಲಿ ಮಣೆ ಹಾಕಿಕೊಂಡು ಕುಳಿತೆ. ಗಾಯದ ಮೇಲೆ ಒಂದು ಬಟ್ಟೆ ಸುತ್ತಿದ್ದೆ. ಗಿರಿಜಾ ಕಾಲ ಮೇಲೆ ಮಲಗಿ ನನ್ನನ್ನು ಕೆಳಗಿನಿಂದ ನೋಡಿದಳು. ಒದ್ದೆ ಕೂಸಿನ ಭಾರ ಎರಡು ಎಲುಬುಗಳ ಮೇಲೆ ಸಮನಾಗಿ ಕುಳಿತಾಗ ಆಗುವ ಸುಖವನ್ನು ನಾನು ಬೇರೆ ಯಾವುದಕ್ಕೂ ಹೋಲಿಸಲಾರೆ. ಕೆಲವು ದಿನ ಆ ಸುಖ ಇತ್ತು. ಆಮೇಲೆ ಎಡಗಾಲು ಬಾತುಕೊಂಡಿತು, ಕೆಂಪಾಯಿತು, ಕೂಸನ್ನಿರಲಿ ಸೀರೆಯ ಅಂಚನ್ನೂ ತಾಳದಾಯಿತು.

ಅತ್ತೆಗೆ ಕಾರಣ ಕೂಡಲೇ ಹೊಳೆಯಿತು. "ಹಸಿ ಮೈ, ಥಂಡಿ ಹೊಕ್ಕೈತಿ," ಎಂದರು. ಇಟ್ಟಂಗಿಯನ್ನು ಒಲೆಯಲ್ಲಿ ಕಾಯಿಸಿ, ಬಟ್ಟೆ ಸುತ್ತಿ, ಬಾತ ಕಾಲಿಗೆ ಶಾಖ ಕೊಟ್ಟರು. ನೋವು ಹೆಚ್ಚಾಯಿತು. ನೋವು ಹೆಚ್ಚಾದರೆ ಥಂಡಿ ಹೊರಗೆ ಬರುತ್ತಿದೆ ಎಂದು ಅರ್ಥವಂತೆ. ಇನ್ನೊಂದು ಇಟ್ಟಂಗಿ ಕಾಯಿತು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿ, ಓಂಕಾಳಿನ ಹೊಗೆಯನ್ನೂ ಸೇರಿಸಿ ಹೋದರು. ಒಳಗೆ ಎಲುಬಿನಲ್ಲಿ ಕೀವು ತುಂಬುತ್ತಿತ್ತು, ನಾವು ಅದಕ್ಕೆ ಬೆಚ್ಚಗೆ ಮಾಡಿಕೊಡುತ್ತಿದ್ದೆವು. ಯಾರನ್ನೂ ಬೈಯುವ ಹಾಗಿಲ್ಲ. ಬಾಣಂತಿಗೆ ಏನೇ ಆದರೂ ಅದು ಥಂಡಿ ಎಂದು ನಾನೂ ನಂಬಿದ್ದೆ.

ಆ ದಿನಗಳಲ್ಲಿ ಗಿರಿಜಾಳನ್ನು ಎರೆಯಲು ಶುರುಮಾಡಿದವಳು ಸುನಂದಾ, ನನ್ನ ಮೈದುನನ ಹೆಂಡತಿ. ಅವಳ ತವರು ನಿಪ್ಪಾಣಿಯ ಆಚೆ, ಗಡಿಯ ಹಳ್ಳಿ. ಮನೆಮಾತು ಮರಾಠಿ. ನಮ್ಮ ಮನೆಗೆ ಬಂದು ಕೆಲವು ವರ್ಷಗಳಾಗಿದ್ದವು, ಮಕ್ಕಳಾಗಿರಲಿಲ್ಲ, ಅದರ ಮೇಲೆ ಊರಿನವರು ಆಡುವಷ್ಟು ಮಾತು ಆಡಿದ್ದರು. ನಮ್ಮಿಬ್ಬರ ನಡುವೆ ಜಗಳ, ಮುನಿಸು ಏನೂ ಇರಲಿಲ್ಲ. ಒಬ್ಬರಿಗೊಬ್ಬರು ಹೇನು ನೋಡಿಕೊಂಡು, ಅತ್ತೆಯ ಮೇಲೆ ಪಿಸುಮಾತಾಡಿಕೊಂಡು ಚೆನ್ನಾಗಿಯೇ ಇದ್ದೆವು.

"ನೀವು ಮಲಕೋರಿ ಅಕ್ಕಾ, ನಾ ಎರೀತೇನಿ," ಎಂದಳು ಸುನಂದಾ.

ನನ್ನನ್ನು ಪಡಸಾಲೆಯಲ್ಲಿ, ಬಚ್ಚಲ ಬಾಗಿಲು ಕಾಣುವ ಕಡೆ ಮಲಗಿಸಿದ್ದರು. ಜ್ವರದಲ್ಲಿ ಮಲಗಿ ನೋಡಿದೆ. ಅವಳು ಕಾಲು ಚಾಚಿದಳು. ಎರಡು ಕಾಲು, ಎರಡೂ ನೆಟ್ಟಗೆ, ನುಣ್ಣಗೆ, ಎಣ್ಣೆ ಬಿದ್ದು ಹೊಳೆಯುತ್ತಿದ್ದವು. ಹೆಂಗಸಿನ ಮುಖದ ಮೇಲೆ, ಕೂದಲಿನ ಮೇಲೆ, ಒಡವೆಯ ಮೇಲೆ ಹೊಟ್ಟೆಕಿಚ್ಚು ಪಟ್ಟವರನ್ನು ಕಂಡಿದ್ದೇನೆ. ಕಣಕಾಲಿನ ಮೇಲೆ ಪಟ್ಟವಳು ನಾನೊಬ್ಬಳೇ ಇರಬೇಕು. ನನ್ನ ಮಗಳು ಆ ತಗ್ಗಿನಲ್ಲಿ ಅಳದೆ ಮಲಗಿದ್ದಳು. ನನ್ನ ಕಾಲ ಮೇಲೆ ಒಂದು ದಿನವೂ ಹಾಗೆ ಸುಮ್ಮನಿದ್ದವಳಲ್ಲ.

ಸುನಂದಾ ನೀವುತ್ತ ತನ್ನ ಭಾಷೆಯಲ್ಲಿ ಹೆಸರು ಹೇಳುತ್ತಿದ್ದಳು. ಡೋಕೀ, ಕಾನ, ಪಾಠ, ಪೋಟ. ಕಾಲಿಗೆ ಬಂದಾಗ ಇನ್ನೊಂದು ಮಾತು ಹೇಳಿದಳು.

"ಏನಂದಿ?" ಎಂದೆ ಮಲಗಿದಲ್ಲಿಂದಲೇ.

"ನಡಗಿ," ಎಂದಳು. "ನಿಮ್ಮದು ಬಾತೈತಲ್ಲ ಅಕ್ಕಾ, ಅದ."

ಕನ್ನಡದಲ್ಲಿ ಹೇಳು ಎನ್ನಲು ಬಾಯಿ ತೆರೆದೆ. ಎರೆಯುವವಳ ಬಾಯಿಗೆ ಬಂದ ಮಾತೇ ಕೂಸಿನ ಮಾತು. ಎರೆಯುವುದು ನನ್ನ ಕೈಲಾಗದು, ಮಾತು ಮಾತ್ರ ನನ್ನದಿರಲಿ ಎಂದು ಹೇಗೆ ಕೇಳಲಿ. ಗೋಡೆಯ ಕಡೆ ಹೊರಳಿದೆ.

ಜ್ವರದಲ್ಲಿ ನಾನು ಬಡಬಡಿಸಲು ಶುರುಮಾಡಿದ ಮೇಲೆ ನನ್ನ ಗಂಡ ಯಾರ ಮಾತನ್ನೂ ಕೇಳದೆ ಬೈಲಹೊಂಗಲದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಇಟ್ಟಂಗಿಯ ಕಥೆ ಕೇಳಿ ಹಣೆ ಒತ್ತಿಕೊಂಡರು. ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು ನೋಡಿ, ಆ ಹೊತ್ತೇ ಬೆಳಗಾವಿಗೆ ಹೋಗಿರಿ ಎಂದರು. ಸುನಂದಾ ಕೂಸನ್ನು ಎತ್ತಿಕೊಂಡು ಮನೆಯಲ್ಲಿ ಉಳಿದಳು. ವಾರ್ಡಿಗೆ ಹಸುಗೂಸು ಬೇಡ ಎಂದು ಎಲ್ಲರೂ ಒಂದೇ ಬಾಯಿಂದ ಹೇಳಿದರು, ಸರಿಯಾಗಿಯೇ ಹೇಳಿದರು.

ಬೆಳಗಾವಿಯ ಎಲುಬಿನ ಡಾಕ್ಟರು ನನ್ನ ಕಾಲಿಗೆ ಟಿಬಿಯಾ ಎಂದರು. ಮಾತುಗಾರ ಮನುಷ್ಯ. ನನ್ನ ಗಂಡ ಮುರಗೋಡದಲ್ಲಿ ಸಾಲಿ ಮಾಸ್ತರು ಎಂದು ತಿಳಿದ ಮೇಲಂತೂ ಇನ್ನೂ ಮಾತಿಗೆ ಬಿದ್ದರು.

"ಟಿಬಿಯಾ ಅಂದ್ರ ಹಳೇ ಲ್ಯಾಟಿನ್ ಭಾಷಾದಾಗ ಕೊಳಲ ರೀ ಮಾಸ್ತರ. ಆಗಿನ ಮಂದಿ ಪ್ರಾಣಿ ಕಾಲಿನ ಎಲುಬಿಲೆ ಕೊಳಲ ಮಾಡ್ತಿದ್ರಂತ. ನಿಮ್ಮ ಮನಿಯವ್ರ ಕೊಳಲಿನ್ಯಾಗ ಈಗ ಕೀವು ತುಂಬೈತಿ. ಒಳಗ ಒಂದ ತುಂಡ ಎಲುಬು ಸತ್ತೈತಿ. ಅದನ್ನ ತಗೀಬೇಕು."

ಸತ್ತ ಎಲುಬು ನನ್ನೊಳಗೆ ಇದೆ ಎಂದು ತಿಳಿದು ಇವರ ಮುಖ ನೋಡಿದೆ. ಇವರೋ, ಕೊಳಲಿನ ವಿಷಯ ಕೇಳಿ ತಲೆಯಾಡಿಸುತ್ತಿದ್ದರು. ಗಂಡಸರಿಗೆ ಒಂದು ಮಾತಿನ ಮೂಲ ಸಿಕ್ಕರೆ ಹೆಂಡತಿಯ ಕಾಲು ಮರೆತುಹೋಗುತ್ತದೆ.

ಸತ್ತ ತುಂಡನ್ನು ತೆಗೆದರು. ಅದರ ಜಾಗದಲ್ಲಿ ಬೆರಳು ಹೂಳುವಂಥ ತಗ್ಗು ಉಳಿಯಿತು. ಗಾಯವನ್ನು ಹೊಲಿಯದೆ, ದಿನವೂ ಒಳಗೆ ಬಟ್ಟೆ ತುಂಬಿ ತೆಗೆಯುತ್ತಿದ್ದರು. ಅದನ್ನು ಮಾಡುತ್ತಿದ್ದವಳು ಕೇರಳದ ಲಿಸಿ ಸಿಸ್ಟರ್. ನಾನು ಹಲ್ಲು ಕಚ್ಚಿ ಅಳುವಾಗ ಅವಳು ನನ್ನನ್ನು ಮಾತಿಗೆಳೆಯುತ್ತಿದ್ದಳು. ನಿಮ್ಮ ಕಡೆ ಇದಕ್ಕೆ ಏನೆನ್ನುತ್ತೀರಿ ಎಂದು ಒಂದು ದಿನ ಕೇಳಿದಳು. ಕಣಕಾಲು ಎಂದೆ. ಅವಳ ಕೈ ನಿಂತಿತು.

"ನಮ್ಮದು ಕಣಂಕಾಲ್," ಎಂದಳು. "ನಮ್ಮ ಅಜ್ಜಿ ಹೇಳೋದು ಇದಕ್ಕೇ."

ಎಲ್ಲೋ ಸಮುದ್ರದ ದಂಡೆಯ ಊರಿನಲ್ಲಿ ಒಬ್ಬ ಅಜ್ಜಿ ನನ್ನ ಅವ್ವನ ಮಾತನ್ನೇ ಆಡುತ್ತಾಳೆ ಎಂದು ತಿಳಿದು, ಬಸ್ ಸ್ಟ್ಯಾಂಡಿನಲ್ಲಿ ತವರಿನವರು ಸಿಕ್ಕಷ್ಟು ಖುಷಿಯಾಯಿತು. ಆ ದಿನದ ಡ್ರೆಸ್ಸಿಂಗ್ ಅಷ್ಟು ನೋಯಲಿಲ್ಲ. ಆಸ್ಪತ್ರೆಯಲ್ಲಿ ನನಗೆ ಸಿಕ್ಕ ದಯೆಗಳಲ್ಲಿ ಅದನ್ನು ಮೊದಲಿಗೆ ಇಡುತ್ತೇನೆ.

ಮಗ್ಗುಲ ಮಂಚದಲ್ಲಿದ್ದವಳು ಕಿತ್ತೂರಿನ ಹಾಜರಾಬಿ. ಮಾಳಿಗೆಯ ಮೆಟ್ಟಿಲಿನಿಂದ ಬಿದ್ದು ಎಲುಬು ಮುರಿದುಕೊಂಡು, ಅದು ಕೀವಾಗಿ ಬಂದಿದ್ದಳು. ನನ್ನದೇ ಎಲುಬು, ನನ್ನದೇ ಎಡಗಾಲು.

"ನಾವು ಇದಕ್ಕ ನಲ್ಲಿ ಅಂತೇವ್ರಿ," ಎಂದಳು ಹಾಜರಾಬಿ. "ಕುರಿದೂ ನಲ್ಲಿನ, ನನ್ನದೂ ನಲ್ಲಿನ. ಮನ್ಯಾಗ ಕಾಲಿನ ಸಾರು, ಪಾಯಾ ಮಾಡಿದಾಗ ಹೀರತಿದ್ದೆ. ಈಗ ಕುರಿ ನನ್ನ ಮ್ಯಾಲೆ ಸೇಡು ತೀರಸ್ಕೊಳ್ಳಾಕತ್ತೈತಿ."

ನಮ್ಮದು ಲಿಂಗ ಕಟ್ಟಿದ ಮನೆ, ಇಂಥ ಮಾತು ಕಿವಿಗೆ ಬೀಳಬಾರದು. ಆದರೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ಅಂಥ ಹೆಂಗಸು. ಅಂಥವಳ ಮೇಲೂ ನನಗೆ ಸಿಟ್ಟು. ಅವಳ ಗಾಯ ಬೇಗ ಒಣಗುತ್ತ ಬಂತು, ನನ್ನದು ಹಸಿಯಾಗಿಯೇ ಉಳಿಯಿತು. ಅದೇ ಎಲುಬು, ಅದೇ ಡಾಕ್ಟರು, ಅದೇ ಔಷಧ. ಬೆಳಿಗ್ಗೆ ಲಿಸಿ ಸಿಸ್ಟರ್ ಅವಳ ಪ್ಲಾಸ್ಟರಿನ ಕಿಂಡಿಯ ಪಟ್ಟಿ ಬಿಚ್ಚಿ "ಚೆನ್ನಾಗಿದೆ" ಎಂದಾಗ ನಾನು ಕಣ್ಣು ಮುಚ್ಚಿ ನಿದ್ದೆ ಬಂದವಳಂತೆ ಮಲಗುತ್ತಿದ್ದೆ. ಅವಳನ್ನು ಮಾತಾಡಿಸಲು ಕಿತ್ತೂರಿನ ಅರ್ಧ ಓಣಿ ಬರುತ್ತಿತ್ತು. ನನ್ನನ್ನು ಮಾತಾಡಿಸಲು ಬಂದವರು ಮೊದಲು ಬಾತ ಕಾಲು ನೋಡಿ ಚ್ಚ್ ಎಂದು, ಆಮೇಲೆ ತಮ್ಮೂರಿನಲ್ಲಿ ಹೀಗೇ ಆಗಿ ಕಾಲು ಹೋದವರ ಹೆಸರು ಹೇಳುತ್ತಿದ್ದರು.

ಮುರಗೋಡದಿಂದ ಇವರ ಸಾಲಿಯ ಹಳೆಯ ಸಂಸ್ಕೃತ ಮಾಸ್ತರು ಬಂದರು. ಒಳ್ಳೆಯ ಮನುಷ್ಯ, ಬಾಳೆಹಣ್ಣು ತಂದಿದ್ದರು.

"ಇದಕ್ಕ ಜಂಘಾ ಅಂತಾರ ತಂಗಿ," ಎಂದರು. "ಜಂಘಾಬಲ ಉಡುಗಿತು ಅಂತೇವಲ್ಲ, ಅದು ಇದರದ ಬಲ. ನೀ ಧೈರ್ಯ ಬಿಡಬ್ಯಾಡ."

ಧೈರ್ಯ ಕಾಲಿನಲ್ಲೇ ಇರುತ್ತದೆ ಎಂದು ಅವರೇ ಹೇಳಿ, ಆ ಕಾಲಿನವಳಿಗೇ ಧೈರ್ಯ ಬಿಡಬೇಡ ಎಂದದ್ದು ನನಗೆ ವಿಚಿತ್ರ ಎನಿಸಿತು. ಹಣ್ಣು ಮಾತ್ರ ಸಿಹಿಯಾಗಿತ್ತು.

ಅತ್ತೆ ಸವದತ್ತಿಯ ಗುಡ್ಡಕ್ಕೆ ಬೆಳ್ಳಿಯ ಕಾಲು ಹರಕೆ ಹೊತ್ತಿದ್ದರು. ಹೋಗುವ ಮೊದಲು ಅದನ್ನು ತಂದು ನನ್ನ ಹಣೆಗೆ ಮುಟ್ಟಿಸಿದರು. ಬೆರಳುದ್ದದ ಕಾಲು. ಮೊಳಕಾಲಿನಿಂದ ಪಾದದವರೆಗೆ ಒಂದು ಕಲೆಯಿಲ್ಲ, ಸೊಟ್ಟವಿಲ್ಲ. ಅಕ್ಕಸಾಲಿಗನಿಗೆ ನನ್ನ ಕಾಲು ನೋಡಿ ಮಾಡು ಎಂದು ಯಾರೂ ಹೇಳಿರಲಿಲ್ಲ. ಆ ಬೆಳ್ಳಿಯ ಕಾಲಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಒಂದು ರವಿವಾರ ಮೈದುನನ ಜೊತೆ ಸುನಂದಾ ಕೂಸನ್ನು ಕರೆದುಕೊಂಡು ಬಂದಳು. ಆಸ್ಪತ್ರೆಯ ಹಿಂದಿನ ಬೇವಿನ ಮರದ ಕೆಳಗೆ ನನ್ನನ್ನು ಗಾಲಿಕುರ್ಚಿಯಲ್ಲಿ ತಂದು ಕೂರಿಸಿದರು. ಗಿರಿಜಾ ಬೆಳೆದಿದ್ದಳು, ಎರಡು ಹಲ್ಲು ಬಂದಿದ್ದವು. ಕೈ ಚಾಚಿದೆ. ಅವಳು ನನ್ನ ಮುಖ ನೋಡಿ, ತುಟಿ ಸೊಟ್ಟ ಮಾಡಿ, ಸುನಂದಾಳ ಕುತ್ತಿಗೆಯಲ್ಲಿ ಮುಖ ಹುದುಗಿಸಿದಳು. ಸುನಂದಾ ಎಷ್ಟು ಪುಸಲಾಯಿಸಿದರೂ ನನ್ನ ಕಡೆ ತಿರುಗಲಿಲ್ಲ.

"ಔಷಧದ ವಾಸನಿ ಬರತೈತಿ ಅಕ್ಕಾ, ಅದಕ್ಕ ಹಂಗ ಮಾಡತಾಳ," ಎಂದಳು ಸುನಂದಾ. ಅವಳ ಕಣ್ಣಲ್ಲಿ ನೀರಿತ್ತು. ಅವಳ ಕೈ ಮಾತ್ರ ಕೂಸಿನ ಬೆನ್ನನ್ನು ಇನ್ನಷ್ಟು ಬಿಗಿಯಾಗಿ ಅವಚಿತ್ತು. ನಾನು ಕಣ್ಣನ್ನು ನೋಡಲಿಲ್ಲ, ಕೈಯನ್ನು ನೋಡಿದೆ.

ಅದೇ ವಾರ ಡಾಕ್ಟರು ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು ಕುಳಿತರು. ಡಾಕ್ಟರು ಕುಳಿತು ಮಾತಾಡಿದರೆ ಸುದ್ದಿ ಒಳ್ಳೆಯದಲ್ಲ ಎಂದು ಅಷ್ಟು ಹೊತ್ತಿಗೆ ಕಲಿತಿದ್ದೆ. ಕೀವು ಎಲುಬಿನಲ್ಲಿ ಮೇಲಕ್ಕೆ ಹತ್ತುತ್ತಿದೆ, ಹೀಗೇ ಆದರೆ ಮೊಳಕಾಲ ಕೆಳಗೆ ತೆಗೆಯಬೇಕಾದೀತು, ಜೀವ ದೊಡ್ಡದು ಎಂದರು. ಈಗ ಒಳ್ಳೊಳ್ಳೆಯ ಕೃತಕ ಕಾಲು ಬಂದಿವೆ, ಹೊಲಕ್ಕೆ ಹೋಗಬಹುದು, ಬಸ್ ಹತ್ತಬಹುದು ಎಂದರು. ಇವರು ಮುಖ ತಿರುಗಿಸಿ ಕಿಟಕಿಯ ಕಡೆ ನೋಡುತ್ತಿದ್ದರು.

"ಮೊಳಕಾಲ ಕೆಳಗ ತಗದ್ರ ಕೂಸಿನ್ನ ಎಲ್ಲಿ ಹಾಕ್ಕೊಂಡು ಎರೀಲ್ರಿ?" ಎಂದೆ.

ಡಾಕ್ಟರಿಗೆ ಕೂಡಲೇ ತಿಳಿಯಲಿಲ್ಲ. ತಿಳಿದ ಮೇಲೆ ಕೊಳಲು, ಲ್ಯಾಟಿನ್ ಯಾವುದೂ ಬಾಯಿಂದ ಬರಲಿಲ್ಲ. "ನಮ್ಮವ್ವನೂ ಹಂಗ ಎರೀತಿದ್ಲು," ಎಂದರು. ಆಮೇಲೆ, ಇನ್ನೊಂದು ಸಲ ತೆರೆದು ಕೆರೆದು ನೋಡೋಣ, ಅದಕ್ಕೂ ಆಗದಿದ್ದರೆ ತಮ್ಮನ್ನು ತಡೆಯಬಾರದು ಎಂದರು. ಒಪ್ಪಿದೆ.

ಎರಡನೆಯ ಆಪರೇಶನ್ನಿನ ಹಿಂದಿನ ದಿನ ಹಾಜರಾಬಿ ಡಿಸ್ಚಾರ್ಜ್ ಆದಳು. ಊರುಗೋಲಿನ ಮೇಲೆ, ಆದರೂ ತನ್ನ ಕಾಲ ಮೇಲೆ. ಹೋಗುವ ಮೊದಲು ದಿಂಬಿನ ಕೆಳಗಿನಿಂದ ಸ್ವೆಟರ್ ಹೆಣೆಯುವ ಉದ್ದನೆಯ ಸೂಜಿ ತೆಗೆದು ನನ್ನ ಕೈಗಿಟ್ಟಳು. ಪ್ಲಾಸ್ಟರಿನ ಒಳಗೆ ತುರಿಸಿದಾಗ ಅವಳು ಅದನ್ನೇ ತೂರಿಸಿ ಕೆರೆದುಕೊಳ್ಳುತ್ತಿದ್ದಳು, ನಾನು ನೋಡಿ ಕರುಬುತ್ತಿದ್ದೆ.

"ಇದರ ಮ್ಯಾಲ ನಿಮ್ಮ ಕಣ್ಣಿತ್ತು, ನನಗ ಗೊತ್ತೈತಿ," ಎಂದಳು ಹಾಜರಾಬಿ. "ನನ್ನ ಕಾಲ ಮ್ಯಾಲೂ ಇತ್ತು. ಅದನ್ನ ಕೊಡಾಕ ಬರಂಗಿಲ್ಲ, ಇದನ್ನ ಇಟಗೋರಿ."

ನಾಚಿಕೆಯಾಗಲಿಲ್ಲ. ಹಗುರಾಯಿತು. ನನ್ನ ಹೊಟ್ಟೆಕಿಚ್ಚನ್ನು ನೋಡಿಯೂ ನನ್ನ ಜೊತೆ ನಗುತ್ತಿದ್ದ ಹೆಂಗಸು ಅವಳು. ಆ ಸೂಜಿ ಈಗಲೂ ನನ್ನ ಟ್ರಂಕಿನಲ್ಲಿದೆ.

ಕಾಲು ಉಳಿಯಿತು. ಹೇಗೆ ಉಳಿಯಿತು ಎಂದು ಡಾಕ್ಟರೂ ಸರಿಯಾಗಿ ಹೇಳಲಿಲ್ಲ. ಗಾಯದ ತಳದಲ್ಲಿ ಒಂದು ದಿನ ಕೆಂಪು ಮಾಂಸ ಕಂಡಿತು, ಲಿಸಿ ಸಿಸ್ಟರ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು, ಅತ್ತೆ ಅದು ಬೆಳ್ಳಿಯ ಕಾಲಿನ ಗುಣ ಎಂದರು. ಎಲುಬಿನ ನಡುವೆ ತಗ್ಗು ಉಳಿಯಿತು, ತೊಗಲು ಅದರೊಳಗೆ ಇಳಿದು ಅಂಟಿಕೊಂಡಿತು. ಓಡಬೇಡ, ಜಿಗಿಯಬೇಡ, ಭಾರ ಹಾಕಬೇಡ ಎಂದು ಹೇಳಿ ಕಳಿಸಿದರು.

ವರ್ಷದ ಮೇಲೆ ನಾನು ಮನೆಗೆ ಮರಳಿದಾಗ ಗಿರಿಜಾ ನಡೆಯುತ್ತಿದ್ದಳು, ಮಾತಾಡುತ್ತಿದ್ದಳು. ಕಾಲ ಮೇಲೆ ಹಾಕಿಕೊಂಡು ಎರೆಯುವ ವಯಸ್ಸು ದಾಟಿತ್ತು. ಬಚ್ಚಲಲ್ಲಿ ನಿಂತು, ತಂಬಿಗೆಯಿಂದ ತಾನೇ ನೀರು ಸುರಿದುಕೊಳ್ಳಲು ಹಟ ಮಾಡುತ್ತಿದ್ದಳು. ನಾನು ಯಾವುದಕ್ಕಾಗಿ ಕಾಲು ಉಳಿಸಿಕೊಂಡಿದ್ದೆನೋ ಅದು ನಾನಿಲ್ಲದಾಗಲೇ ಮುಗಿದುಹೋಗಿತ್ತು.

ಬಂದ ಕೆಲವು ದಿನಕ್ಕೆ ಅವಳು ಹೊಸ್ತಿಲು ಎಡವಿ ಬಿದ್ದಳು. ಕಣಕಾಲಿಗೆ ಪೆಟ್ಟಾಯಿತು. ನಾನು ಹತ್ತಿರದಲ್ಲೇ ಇದ್ದೆ, ಕೋಲು ಹುಡುಕಿ ಏಳುವಷ್ಟರಲ್ಲಿ ಅವಳು "ನಡಗಿಗೆ ಬಡೀತು, ನಡಗಿಗೆ ಬಡೀತು" ಎಂದು ಅಳುತ್ತ, ನನ್ನನ್ನು ದಾಟಿಕೊಂಡು, ಅಡುಗೆಮನೆಯಲ್ಲಿದ್ದ ಸುನಂದಾಳ ಹತ್ತಿರ ಓಡಿದಳು. ಕಾಲಿನ ಎಲುಬು ಕೆರೆದಾಗ ಆಗದ ನೋವು ಆಗ ಆಯಿತು. ನನ್ನ ಮಗಳು, ನನ್ನ ಮನೆಯ ಹೊಸ್ತಿಲು, ಅಳುವ ಮಾತು ಇನ್ನೊಬ್ಬಳದು.

ಅಂದಿನಿಂದ ಕಲಿಸಲು ಕುಳಿತೆ. ಅವಳ ಕಾಲು ಮುಟ್ಟಿ, ಇದು ಕಣಕಾಲು ಎನ್ನುತ್ತಿದ್ದೆ. ನನ್ನ ಕಾಲು ತೋರಿಸಿ, ಇದೂ ಕಣಕಾಲು ಎನ್ನುತ್ತಿದ್ದೆ. ಅವಳು ನನ್ನ ತಗ್ಗಿನಲ್ಲಿ ಬೆರಳಿಟ್ಟು ನೋಡಿ, ಕಣಕಾಲು ಎಂದು ಹೇಳುತ್ತಿದ್ದಳು. ಗೆದ್ದೆ ಎಂದುಕೊಂಡೆ. ಒಂದು ಮಧ್ಯಾಹ್ನ ಅವಳು ಓಣಿಯ ಹುಡುಗಿಯರಿಗೆ ನನ್ನನ್ನು ತೋರಿಸಿ ವಿವರಿಸುತ್ತಿದ್ದುದು ಕಿವಿಗೆ ಬಿತ್ತು.

"ನಮ್ಮವ್ವಗ ಕಣಕಾಲ ಐತಿ. ಅದಕ್ಕ ಆಕಿ ಕುಂಟತಾಳ. ನನಗ ಕಣಕಾಲ ಇಲ್ಲ, ನಡಗಿ ಐತಿ. ಕಾಕೂಗೂ ನಡಗಿ ಐತಿ."

ನನ್ನ ತವರಿನ ಮಾತು ಅವಳಿಗೆ ಜಡ್ಡಿನ ಹೆಸರಾಗಿತ್ತು. ಗಟ್ಟಿ ಕಾಲಿನವರು ಅವಳೂ ಅವಳ ಕಾಕೂ ಸುನಂದಾ, ಒಂದು ಕಡೆ. ಈ ಕಡೆ ನಾನೊಬ್ಬಳೇ. ಇವರಿಗೆ ಹೇಳಿದರೆ, ಎರಡೂ ಒಂದೇ ಅಲ್ಲವೇ ಬಿಡು ಎಂದರು. ಒಂದೇ ಎಂದು ಟಿಬಿಯಾ, ನಲ್ಲಿ, ಜಂಘಾ ಎಲ್ಲ ಕೇಳಿಬಂದ ನನಗೆ ಗೊತ್ತಿರಲಿಲ್ಲವೇ. ಕಲಿಸುವುದನ್ನು ಬಿಟ್ಟೆ.

ವರ್ಷಗಳು ಹೀಗೇ ಹೋದವು. ಗಿರಿಜಾ ಸಾಲಿಗೆ ಹೋಗತೊಡಗಿದಳು. ಜಡೆ ಹಾಕುವುದು, ಪಾಟಿ ಹಿಡಿದು ಬರೆಸುವುದು ನನ್ನದಾಯಿತು. ಜ್ವರ ಬಂದರೆ, ಬಿದ್ದರೆ, ಕನಸಿಗೆ ಹೆದರಿದರೆ ಮಾತ್ರ ಕಾಕೂ. ಎರಡು ಸಾವಿರದ ಇಸವಿ ದಾಟಿದ ಮೇಲೆ, ಯಾರೂ ಎಣಿಸದೆ ಇದ್ದಾಗ, ಸುನಂದಾ ಬಸುರಾದಳು. ಮನೆಯಲ್ಲಿ ಎಲ್ಲರೂ ಕುಣಿದರು. ನನ್ನ ಸಂತೋಷದಲ್ಲಿ ಸ್ವಾರ್ಥವೂ ಇತ್ತು. ಇನ್ನು ಅವಳಿಗೆ ತನ್ನದೇ ಬರುತ್ತದೆ, ನನ್ನದನ್ನು ನನಗೆ ಬಿಡುತ್ತಾಳೆ ಎಂದು ಲೆಕ್ಕ ಹಾಕಿದೆ. ಗಿರಿಜಾ ಅವಳ ಹೊಟ್ಟೆಗೆ ಕಿವಿ ಹಚ್ಚಿಕೊಂಡು ಮೊದಲಿಗಿಂತ ಹೆಚ್ಚಾಗಿ ಅಂಟಿಕೊಂಡಳು.

ಬೈಲಹೊಂಗಲದಲ್ಲಿ ಸಿಜೇರಿಯನ್ ಮಾಡಿ ಗಂಡುಕೂಸನ್ನು ತೆಗೆದರು. ಸುನಂದಾಳ ತಾಯಿ ತೀರಿಕೊಂಡಿದ್ದರು, ತವರಿನಲ್ಲಿ ಬಾಣಂತನ ಮಾಡುವವರಿರಲಿಲ್ಲ, ನೇರವಾಗಿ ನಮ್ಮ ಮನೆಗೇ ಬಂದಳು. ಹೊಲಿಗೆ ಹಸಿ, ಬಗ್ಗುವ ಹಾಗಿಲ್ಲ. ಅತ್ತೆಯ ಮೊಳಕಾಲು ಮಡಚುವುದನ್ನೇ ಬಿಟ್ಟಿದ್ದವು. ಓಣಿಯ ಮುದುಕಿಯೊಬ್ಬಳನ್ನು ಎರೆಯಲು ಕರೆಯೋಣ ಎಂದು ಅತ್ತೆ ಅನ್ನುತ್ತಿರುವಾಗ ಸುನಂದಾ ಮಲಗಿದಲ್ಲಿಂದ ನನ್ನನ್ನು ನೋಡಿದಳು.

"ಅಕ್ಕಾ, ನೀವ ಎರೀರಿ."

"ನನ್ನ ಕಾಲ ಹೆಂಗೈತಿ ನಿನಗ ಗೊತ್ತಿಲ್ಲೇನ?"

"ಗೊತ್ತೈತಿ," ಎಂದಳು. "ಅದಕ್ಕ ಅಂದೆ."

ಆ ಕಾಲನ್ನು ನಾನು ಯಾತಕ್ಕೆ ಉಳಿಸಿಕೊಂಡೆ ಎಂಬುದೂ ಅವಳಿಗೆ ಗೊತ್ತಿತ್ತೇನೋ. ಬಚ್ಚಲಿಗೆ ಹೋಗಿ ಮಣೆಯ ಮೇಲೆ ಕುಳಿತು ಕಾಲು ಚಾಚಿದೆ. ಎಡಗಾಲು ತುಸು ಸೊಟ್ಟಾಗಿದ್ದರಿಂದ ಎರಡರ ನಡುವೆ ಸಂದು ಬಿಡುತ್ತಿತ್ತು, ಮಡಿಸಿದ ಟಾವೆಲ್ ತುರುಕಿದೆ. ಅತ್ತೆ ಕೂಸನ್ನು ತಂದು ಮಲಗಿಸಿದರು. ಕೂಸು ಒಮ್ಮೆ ಹೊರಳಾಡಿ, ನನ್ನ ಎಲುಬಿನ ತಗ್ಗಿನಲ್ಲಿ ಭುಜವಿಟ್ಟು, ಅಲ್ಲೇ ನಿಂತಿತು. ಒಂದಿಷ್ಟೂ ಜಾರಲಿಲ್ಲ. ಎಣ್ಣೆ ಹಚ್ಚಿದೆ. ತಲೆ ಎಂದೆ, ಕಿವಿ ಎಂದೆ, ಬೆನ್ನು ಎಂದೆ. ಪುಟ್ಟ ಕಾಲು ಹಿಡಿದು ನೀವುತ್ತ, ಯಾರು ಕೇಳಿದರೂ ಕೇಳಲಿ ಎಂದು ಗಟ್ಟಿಯಾಗಿಯೇ ಕಣಕಾಲು ಎಂದೆ.

ತಲೆ ಎತ್ತಿದರೆ ಬಾಗಿಲಲ್ಲಿ ಸುನಂದಾ ನಿಂತಿದ್ದಳು. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಆತು, ಏಳಬಾರದವಳು ಎದ್ದು ಬಂದಿದ್ದಳು. ಅವಳು ನೋಡುತ್ತಿದ್ದುದು ಕೂಸನ್ನಲ್ಲ, ನನ್ನ ಕಾಲನ್ನು. ಆ ನೋಟದ ಗುರುತು ನನಗಿಂತ ಚೆನ್ನಾಗಿ ಯಾರಿಗಿರುತ್ತದೆ. ಪಡಸಾಲೆಯಲ್ಲಿ ಮಲಗಿ ನಾನು ನೋಡಿದ ನೋಟವೇ ಅದು. ಸುಳ್ಳೇಕೆ, ನನಗೆ ಹಿತವಾಯಿತು. ತುಸು ಹೊತ್ತು ಆ ಹಿತವನ್ನು ಅನುಭವಿಸಿ ಆಮೇಲೆ, "ಬಾ, ಇಲ್ಲೇ ಮಗ್ಗಲಕ ಕುರ್ಚಿ ಹಾಕ್ಕೊಂಡು ಕುಂದ್ರು. ಕೂಸು ನಿನ್ನ ಮಾರಿ ನೋಡ್ಲಿ," ಎಂದೆ. ಗಿರಿಜಾ ಓಡಿ ಕುರ್ಚಿ ತಂದಳು.

ಕೂಸನ್ನು ಒರೆಸಿ ಅತ್ತೆಯ ಕೈಗೆ ಕೊಟ್ಟೆ. ಏಳಲು ಕೈ ಊರಿದಾಗ ಗಿರಿಜಾ ಎದುರಿಗೆ ನಿಂತಿದ್ದಳು. ಎಲ್ಲರ ಕಣ್ಣು ಹೊಸ ಕೂಸಿನ ಮೇಲೆ, ಅವಳ ಮುಖ ಊದಿತ್ತು.

"ನನ್ನೂ ಹಿಂಗ ಎರದಿಯೇನ?" ಎಂದಳು.

ಸುನಂದಾ ಕುರ್ಚಿಯಿಂದಲೇ ಹೇಳಿದಳು. "ಈ ಮನ್ಯಾಗ ನಿನಗ ಮೊದಲ ನೀರ ಹಾಕಿದಾಕಿ ನಿಮ್ಮವ್ವನ. ಆಮ್ಯಾಲ ನಾನು."

"ಹಂಗಾರ ಈಗ ಎರಿ," ಎಂದಳು ಗಿರಿಜಾ ನನಗೆ.

ಸಾಲಿಗೆ ಹೋಗುವ ಹುಡುಗಿ. ಲಂಗ ಬಿಚ್ಚಿ ಎಸೆದು, ನನ್ನ ಕಾಲ ಮೇಲೆ ಮಲಗಿಯೇ ಬಿಟ್ಟಳು. ತಲೆ ನನ್ನ ಪಾದ ದಾಟಿ ಆಚೆ ಹೋಯಿತು, ಅವಳ ಕಾಲುಗಳು ನನ್ನ ಸೊಂಟದ ಎರಡೂ ಕಡೆಯಿಂದ ಹಿಂದಕ್ಕೆ ಚಾಚಿದವು. "ಏಳವಾ, ಅವ್ವನ ಕಾಲ ಮುರದೀತು," ಎಂದು ಅತ್ತೆ ಕೂಗಿದರು. ಭಾರ ಹಾಕಬೇಡ ಎಂದಿದ್ದ ಡಾಕ್ಟರ ಮಾತು ನನಗೂ ನೆನಪಾಯಿತು. ತಗ್ಗಿನ ಒಳಗಿನಿಂದ ನೋವು ಮೊಳಕಾಲಿನವರೆಗೆ ಹತ್ತಿತು. ನಾನು ತಂಬಿಗೆ ತುಂಬಿಕೊಂಡೆ.

ಅವಳು ಕೆಳಗಿನಿಂದ ನನ್ನ ಮುಖ ನೋಡಿದಳು. ಒಂದು ಕೈ ಕೆಳಗೆ ಹಾಕಿ, ತನ್ನ ಬೆನ್ನಿನಡಿಯ ತಗ್ಗನ್ನು ತಡವಿದಳು.

"ಅವ್ವಾ, ನಿನ್ನ ನಡಗಿ ನೋಯಾಕತ್ತೈತೇನು?"

ಇಷ್ಟು ವರ್ಷ ನಾನು ಹಲ್ಲು ಕಡಿದ ಮಾತು ಅದು. ಅವಳ ಲೆಕ್ಕದಲ್ಲಿ ಗಟ್ಟಿ ಕಾಲಿನವರಿಗೆ ಮಾತ್ರ ಇರುವಂಥದ್ದು. ಸುನಂದಾ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ.

"ಇಲ್ಲವಾ," ಎಂದೆ. ನೀರು ಹೊಯ್ದೆ.